ಗಂಟಲ ಮೇಲಿನ ಚಿಟ್ಟೆ

ನಮ್ಮ ಸೋದರತ್ತೆಗೆ ಬೈಯಲು ಬರುತ್ತಿರಲಿಲ್ಲ. ಜಗಳವಾದರೆ ಎದುರಿನವರು ಬಾಯಿ ಸೋಲುವವರೆಗೆ ಕೂಗಾಡಲಿ ಎಂದು ಬಿಟ್ಟು, ತಾನು ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೈಯಲ್ಲಿದ್ದ ಬಟ್ಟೆಯನ್ನೇ ನೋಡುತ್ತಿದ್ದಳು. ಅಮ್ಮ ನನಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಳು: "ಕೂಗೋರಿಗೆ ಹೆದರ್ಬೇಡ ಕಣೆ. ನಿಮ್ಮತ್ತೆ ಸುಮ್ನಾದ್ರೆ ಮಾತ್ರ ಹುಷಾರಾಗಿರು."

ಅತ್ತೆ ಅಪ್ಪನ ಒಬ್ಬಳೇ ತಂಗಿ. ಮದುವೆಯಾಗಲಿಲ್ಲ. ಕೇಳಿದವರಿಗೆ, "ಅಳತೆಗೆ ಸರಿಹೋಗೋನು ಸಿಗ್ಲಿಲ್ಲ, ಬಿಚ್ಚಿ ಹೊಲಿಯೋಷ್ಟು ಪುರುಸೊತ್ತು ನನಗಿಲ್ಲ" ಎನ್ನುತ್ತಿದ್ದಳು. ಅಪ್ಪ ಒಂದು ಸಣ್ಣ ನಾಟಕ ಕಂಪನಿಯ ಹಾಸ್ಯನಟ. ಅದೇ ಕಂಪನಿಗೆ ಅತ್ತೆ ಉಡುಪು ಹೊಲಿಯುತ್ತಿದ್ದಳು. ರಂಗದ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ, ಇಸ್ತ್ರಿ ಪೆಟ್ಟಿಗೆ, ರಾಜನಿಂದ ಹಿಡಿದು ಭಿಕ್ಷುಕನವರೆಗೆ ಎಲ್ಲರ ಬಟ್ಟೆಯೂ ಒಂದೇ ಸಾಲಿನಲ್ಲಿ ನೇತಾಡುವ ಕಬ್ಬಿಣದ ಸರಳು. ರಾಜನ ನಿಲುವಂಗಿಯೇ ಎಲ್ಲಕ್ಕಿಂತ ಬೇಗ ಹಾಳಾಗುತ್ತಿತ್ತು. "ಕೂಗಾಟ ಜಾಸ್ತಿ, ಬೆವರು ಜಾಸ್ತಿ" ಎಂದು ಅತ್ತೆ ಗೊಣಗುತ್ತಿದ್ದಳು.

ಆ ಕೋಣೆಯ ಗೋಡೆಗೆ ಅಪ್ಪ ಹಳೆಯ ಪತ್ರಿಕೆಗಳಿಂದ ಕತ್ತರಿಸಿದ ಚಿತ್ರಗಳನ್ನು ಅಂಟಿಸಿದ್ದ. ಎಲ್ಲರೂ ಬೋ ಟೈ ಕಟ್ಟಿದವರೇ. ಒಬ್ಬ ಪ್ರಧಾನಿ, ಒಬ್ಬ ಮಕ್ಕಳ ಡಾಕ್ಟರು, ಟೋಪಿಯಿಂದ ಮೊಲ ತೆಗೆಯುವ ಜಾದೂಗಾರ, ಸರ್ಕಸ್ಸಿನ ಕೋಡಂಗಿ, ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡ ವಿಜ್ಞಾನಿ, ವ್ಯಂಗ್ಯಚಿತ್ರದ ಬೆಕ್ಕು. ಅಪ್ಪ ಅವರನ್ನು ಗಂಟೆಗಟ್ಟಲೆ ನೋಡುತ್ತಿದ್ದ.

"ನೋಡೇ, ಇದನ್ನ ಕಟ್ಟೋನು ಒಂದೋ ಮಹಾ ಬುದ್ಧಿವಂತ, ಇಲ್ಲಾಂದ್ರೆ ಶತಪೆದ್ದ. ನಡುವೆ ಯಾರೂ ಇಲ್ಲ. ಬಾಯಿ ಬಿಡೋವರೆಗೂ ಯಾವ ಪೈಕಿ ಅಂತ ಗೊತ್ತಾಗಲ್ಲ," ಎಂದು ಅತ್ತೆಗೆ ಹೇಳಿದ್ದನಂತೆ. "ನನ್ನದೊಂದು ಪಾತ್ರ ಮಾಡ್ತೀನಿ. ಬಾಯಿ ಬಿಟ್ಟ ಮೇಲೂ ಗೊತ್ತಾಗ್ಬಾರ್ದು."

ಹಾಗೆ ಹುಟ್ಟಿದವನು ಚಿಟ್ಟೆ ಮಾಸ್ತರ. ಹಳದಿ ರೇಷ್ಮೆಯ ಮೇಲೆ ಕಪ್ಪು ಚುಕ್ಕೆಯ ಬೋ ಟೈಯನ್ನು ಅತ್ತೆ ಹೊಲಿದುಕೊಟ್ಟಳು. ಕೊಕ್ಕೆ ಹಾಕಿ ಸಿಕ್ಕಿಸುವ ಸಿದ್ಧ ಟೈ ಅಲ್ಲ, ಕೈಯಲ್ಲೇ ಗಂಟು ಹಾಕಬೇಕಾದದ್ದು. ಚಿಟ್ಟೆ ಮಾಸ್ತರ ಎಲ್ಲವನ್ನೂ ತಪ್ಪಾಗಿಯೇ ಹೇಳಿಕೊಡುವ ಮೇಷ್ಟ್ರು. ಆದರೆ ಹೇಳುವ ಗತ್ತಿಗೆ ನಿಜವಾದ ಮೇಷ್ಟ್ರುಗಳೂ ಒಂದು ಕ್ಷಣ ಹೌದಲ್ಲವೇ ಎಂದುಕೊಳ್ಳಬೇಕು. "ಭೂಮಿ ಯಾಕೆ ಗುಂಡಗಿದೆ? ಮೂಲೆ ಇದ್ದಿದ್ರೆ ಗುಡಿಸೋರಿಗೆ ಕಷ್ಟ ಆಗ್ತಿತ್ತು!" ಸಿಟ್ಟು ಬಂದಾಗ ಅವನು ಟೈಯ ತುದಿ ಹಿಡಿದು ಸರ್ರನೆ ಬಿಚ್ಚುತ್ತಿದ್ದ, ಬೈಯುತ್ತ ಬೈಯುತ್ತಲೇ ಕನ್ನಡಿ ನೋಡದೆ ಮತ್ತೆ ಕಟ್ಟಿಕೊಳ್ಳುತ್ತಿದ್ದ. ಗಂಟು ಕೂತೊಡನೆ ಬೈಗುಳವೂ ಮುಗಿಯಬೇಕು. ಆಗ ಚಪ್ಪಾಳೆಗೆ ಮಾಡಿನ ತಗಡು ಅದುರುತ್ತಿತ್ತು.

ಅವನ ಎದುರಿಗೆ ದಡ್ಡ ವಿದ್ಯಾರ್ಥಿಯ ಪಾತ್ರ ಮಾಡುತ್ತಿದ್ದವನಿಗೆ ಕಂಪನಿಯಲ್ಲಿ ಎಲ್ಲರೂ ಹಿಂಬೆಂಚು ಎನ್ನುತ್ತಿದ್ದರು. ಅಪ್ಪನಿಗಿಂತ ಚಿಕ್ಕವನು. ಅಪ್ಪನನ್ನು ಅಣ್ಣ ಎಂದೂ ಅತ್ತೆಯನ್ನು ಅಕ್ಕ ಎಂದೂ ಕರೆಯುತ್ತಿದ್ದ. ನಮ್ಮ ಮನೆಯಲ್ಲಿ ಅವನು ಉಂಡ ತಟ್ಟೆಗೆ ಲೆಕ್ಕವಿಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿಯ ಕೊನೆಯವರೆಗೆ ಓಡುತ್ತಿದ್ದ.

ಅಪ್ಪನ ದನಿ ಮೊದಲು ಒಡೆಯಿತು, ಆಮೇಲೆ ಕರಗಿತು. ಗಂಟಲಲ್ಲಿ ಗೆಡ್ಡೆ ಎಂದರು. ಕೊಯ್ದು ತೆಗೆದರೆ ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದರು. ಅದೇ ದಿನಗಳಲ್ಲಿ ಟೀವಿಯವರು ಕಂಪನಿಗೆ ಬಂದು ಚಿಟ್ಟೆ ಮಾಸ್ತರನ ವಿಷಯ ಕೇಳಿಹೋಗಿದ್ದರು. ಅಪ್ಪ ಆಸ್ಪತ್ರೆ ಸೇರಿದ.

ಒಂದು ಬೆಳಗ್ಗೆ ಹಿಂಬೆಂಚು ಅತ್ತೆಯ ಹೊಲಿಗೆ ಕೋಣೆಗೆ ಬಂದ. ಕಣ್ಣು ಕೆಂಪಗಿತ್ತು.

"ಅಕ್ಕಾ, ಅಣ್ಣ ಆ ಟೈ ಕೇಳ್ತಿದಾನೆ. ದಿಂಬಿನ ಹತ್ರ ಇಟ್ಕೋತಾನಂತೆ. ನೋಡಿದ್ರೆ ಧೈರ್ಯ ಬರುತ್ತಂತೆ."

ಅತ್ತೆ ಟೈಯನ್ನು ಇಸ್ತ್ರಿ ಮಾಡಿ, ತೆಳುವಾದ ಕಾಗದದಲ್ಲಿ ಸುತ್ತಿ, ತನ್ನ ಕೈಯಾರೆ ಕೊಟ್ಟಳು. "ಜೋಪಾನ ಕಣೋ, ಸುಕ್ಕಾದೀತು," ಎಂದೂ ಹೇಳಿದಳು.

ಶಸ್ತ್ರಚಿಕಿತ್ಸೆ ಮುಗಿದು ಕೆಲವು ವಾರಗಳಾಗಿದ್ದವು. ದಿಂಬಿನ ಹತ್ತಿರ ಟೈ ಕಾಣದೆ ಅತ್ತೆ ಕೇಳಿದ್ದಕ್ಕೆ, ವಾರ್ಡಿನೊಳಗೆ ಬಿಡಲಿಲ್ಲ, ತನ್ನ ಹತ್ತಿರ ಜೋಪಾನವಾಗಿದೆ ಎಂದು ಹಿಂಬೆಂಚು ಹೇಳಿದ್ದ. ವಾರ್ಡಿನ ಗೋಡೆಯ ಎತ್ತರದಲ್ಲಿ ಒಂದು ಟೀವಿ ಇತ್ತು. ಸಂಜೆ ಹೊತ್ತು, ಅತ್ತೆ ಅಪ್ಪನಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು, ನಾನು ಮಂಚದ ತುದಿಯಲ್ಲಿ ಕೂತಿದ್ದೆ. ಟೀವಿಯಲ್ಲಿ ಶಾಲೆಯ ಗಂಟೆ ಹೊಡೆಯಿತು. ಹಳದಿ ಬೋ ಟೈ ಕಟ್ಟಿದವನೊಬ್ಬ ಒಳಗೆ ಬಂದ. ಪಕ್ಕದ ಮಂಚದ ಮುದುಕ ನಗಲು ಶುರುಮಾಡಿದ.

"ಭೂಮಿ ಯಾಕೆ ಗುಂಡಗಿದೆ?" ಎಂದು ಹಿಂಬೆಂಚು ಕೇಳಿದ.

ಅಪ್ಪನ ತುಟಿ ಆಡಿತು. ಉತ್ತರ ಅವನ ತುಟಿಯಲ್ಲಿ ಮೊದಲು ಬಂತು, ಟೀವಿಯಲ್ಲಿ ಆಮೇಲೆ. ಇಡೀ ವಾರ್ಡು ನಕ್ಕಿತು. ಅಪ್ಪ ಇಡೀ ಪಾಠವನ್ನು ಹಾಗೆಯೇ, ಒಂದು ಮಾತೂ ಬಿಡದೆ, ಸದ್ದಿಲ್ಲದೆ ಹೇಳಿ ಮುಗಿಸಿದ. ಕತ್ತಿನ ಪಟ್ಟಿಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಅತ್ತೆಯ ಕೈಯ ಚಮಚ ಗಾಳಿಯಲ್ಲೇ ನಿಂತಿತ್ತು. ಕೊನೆಗೆ ಅವಳು ಅದನ್ನು ಬಟ್ಟಲಲ್ಲಿಟ್ಟು, "ನಾನೇ ಕೊಟ್ಟೆ ಅಣ್ಣ," ಎಂದಳು. ಅಷ್ಟೇ. ಆಮೇಲೆ ಸುಮ್ಮನಾದಳು.

ಮರುದಿನ ಅವಳು ಟೀವಿ ಸ್ಟುಡಿಯೋಗೆ ಹೋದಳು. ಬಾಗಿಲಲ್ಲಿ ಅವನು ಯಾರ್ಯಾರೊಡನೆಯೋ ನಿಂತಿದ್ದ. ಅವಳನ್ನು ನೋಡಿದವನು ಪಕ್ಕದವರಿಗೆ, "ನಮ್ಮ ಹಳೇ ಕಂಪನಿಯಲ್ಲಿ ಬಟ್ಟೆ ಒಗೀತಿದ್ರು, ಪಾಪ. ಏನಾದ್ರೂ ಸಹಾಯ ಬೇಕಿರಬೇಕು," ಎಂದ. ಪಾತ್ರ ತನ್ನದೇ, ಮಾತು ಬರೆದದ್ದೂ ತಾನೇ, ಗೆಳೆಯ ಬರೀ ವೇಷ ಹಾಕುತ್ತಿದ್ದ ಎಂದು ಅವನು ಅಲ್ಲಿ ಎಲ್ಲರನ್ನೂ ನಂಬಿಸಿದ್ದ. ಅಪ್ಪ ಯಾವುದನ್ನೂ ಬರೆದಿಟ್ಟವನಲ್ಲ. ಇನ್ನು ಬಾಯಿ ಬಿಟ್ಟು ಹೇಳಲು ಬಾಯಿಯೇ ಇರಲಿಲ್ಲ.

ಮುಂದಿನ ವರ್ಷ ನಾಟಕ ಕಂಪನಿ ಮುಚ್ಚಿತು. ಸ್ಟುಡಿಯೋದ ಉಡುಪು ವಿಭಾಗಕ್ಕೆ ದರ್ಜಿ ಬೇಕೆಂದು ತಿಳಿದು ಅತ್ತೆ ಹೋಗಿ ಸೇರಿಕೊಂಡಳು. ಹಿಂಬೆಂಚು ಆಗ ದೊಡ್ಡ ಮನುಷ್ಯ. ಬೇಡ ಎನ್ನಬಹುದಿತ್ತು. ಆದರೆ ಅವನಿಗೊಂದು ಕಷ್ಟವಿತ್ತು: ಆ ಟೈ ಕಟ್ಟಲು ಅವನಿಗೆ ಕೊನೆಗೂ ಬರಲಿಲ್ಲ, ಅಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಪರದೆಯ ಮೇಲೆ ಅದು ಯಾವಾಗಲೂ ಸೊಟ್ಟಗಿರುತ್ತಿತ್ತು. ಅತ್ತೆ ತಲೆ ತಗ್ಗಿಸಿ, "ಹಿಂದಿನದೆಲ್ಲ ಬಿಡಿ ಸಾರ್. ಹೊಟ್ಟೆಪಾಡು," ಎಂದಳು. ಅವನು ಅವಳ ಬೆನ್ನು ತಟ್ಟಿದನಂತೆ.

ಮನೆಯಲ್ಲಿ ಅಮ್ಮ ಕೆಂಡವಾದಳು. "ಅಣ್ಣನ ಅನ್ನ ಕಿತ್ಕೊಂಡೋನ ಎಂಜಲು ತಿನ್ನೋಕೆ ಹೋದ್ಯಾ?" ಎಂದವಳು ಅತ್ತೆಯೊಡನೆ ಮಾತು ಬಿಟ್ಟಳು. ಒಂದೇ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು ನನ್ನ ಮೂಲಕ ಉಪ್ಪು ಕೇಳುತ್ತಿದ್ದರು. ಅತ್ತೆ ಯಾವ ಸಮಜಾಯಿಷಿಯನ್ನೂ ಕೊಡಲಿಲ್ಲ. ಅಪ್ಪ ಮಾತ್ರ ಅವಳನ್ನೇ ನೋಡುತ್ತ ಕೂರುತ್ತಿದ್ದ. ತಂಗಿಯನ್ನು ಅವನು ಚಿಕ್ಕಂದಿನಿಂದ ಬಲ್ಲವನು.

ದಿನವೂ ಅವಳು ಆ ಕತ್ತಿನ ಹತ್ತಿರ ಎರಡೂ ಕೈ ಒಯ್ಯುತ್ತಿದ್ದಳು. ಅಂಗಿಯ ಮೇಲುಗುಂಡಿ ಹಾಕುವುದು, ಕಾಲರು ಎತ್ತುವುದು, ತನ್ನದೇ ಹೊಲಿಗೆಯ ಟೈಯನ್ನು ಸುತ್ತಿ ಗಂಟು ಹಾಕುವುದು. "ಎಳೆದುಬಿಡೋಣ ಅನ್ನಿಸ್ತಿರ್ಲಿಲ್ವಾ?" ಎಂದು ನಾನು ದೊಡ್ಡವಳಾದ ಮೇಲೆ ಕೇಳಿದ್ದೆ. "ದಿನಾ," ಎಂದಿದ್ದಳು, ಹಾಲಿನ ಲೆಕ್ಕ ಹೇಳಿದಷ್ಟು ಸಲೀಸಾಗಿ.

ಮೊದಲ ಏಟು ಗುರಿ ತಪ್ಪಿತು. ಜನರನ್ನು ಕೂರಿಸಿಕೊಂಡು ನೇರ ಪ್ರಸಾರ ಮಾಡಿದ ಒಂದು ದೊಡ್ಡ ಕಾರ್ಯಕ್ರಮದಲ್ಲಿ ಅವಳು ಗಂಟನ್ನು ಬೇಕೆಂದೇ ಸಡಿಲ ಹಾಕಿದಳು. ಪಾಠದ ನಡುವೆ ಟೈ ಬಿಚ್ಚಿಕೊಂಡು ಅವನ ಎದೆಯ ಮೇಲೆ ಜೋತುಬಿತ್ತು. ಹಿಂಬೆಂಚು ಕಟ್ಟಿಕೊಳ್ಳಲು ಒದ್ದಾಡಿದ, ಬೆರಳನ್ನೇ ಸೇರಿಸಿ ಗಂಟು ಹಾಕಿಕೊಂಡ, ಬೆವೆತ. ಮಾನ ಹೋಯಿತೆಂದು ಅತ್ತೆ ಪರದೆಯ ಮರೆಯಲ್ಲಿ ಕಾದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು! ಮರುವಾರದಿಂದ ಅದನ್ನು ಅವನು ಪ್ರತಿ ಪಾಠದಲ್ಲೂ ಮಾಡತೊಡಗಿದ. "ಅಕ್ಕಾ, ನಿಮ್ಮ ಕೈ ಜಾರಿದ್ದು ನನಗೆ ಅದೃಷ್ಟ ತಂತು," ಎಂದು ಒಂದು ಡಬ್ಬಿ ಸಿಹಿಯನ್ನೂ ಕೊಟ್ಟ. ಅದನ್ನು ಅತ್ತೆ ದಾರಿಯ ನಾಯಿಗಳಿಗೆ ಹಾಕಿ ಬಂದಳು. ಒಂದು ವಾರ ಜ್ವರ ಬಂದು ಮಲಗಿದಳು.

ಜ್ವರ ಬಿಟ್ಟ ಮೇಲೆ ಅವಳಿಗೆ ದಾರಿ ಹೊಳೆಯಿತು.

ಚಿಟ್ಟೆ ಮಾಸ್ತರನ ಬಿಳಿ ಅಂಗಿಗಳು ಸ್ಟುಡಿಯೋದವು. ಒಗೆಸುವುದು, ಇಸ್ತ್ರಿ ಮಾಡುವುದು, ಬೀರುವಿನಲ್ಲಿ ಬೀಗ ಹಾಕಿಡುವುದು ಎಲ್ಲವೂ ಅತ್ತೆಯ ಕೈಯಲ್ಲಿ. ಅವಳು ಕಾಲರಿನ ಹಿಂಬದಿಯ ಹೊಲಿಗೆ ಬಿಚ್ಚಿ, ಒಂದು ನೂಲೆಳೆಯಷ್ಟು ಒಳಗೆ ಮಡಿಸಿ, ಮತ್ತೆ ಹೊಲಿದಳು. ಎಲ್ಲ ಅಂಗಿಗಳಿಗೂ. ಕೆಲವು ವಾರ ಬಿಟ್ಟು ಇನ್ನೊಂದು ನೂಲೆಳೆ. ಗುಂಡಿಯನ್ನು ಕೂದಲೆಳೆಯಷ್ಟು ಸರಿಸಿದಳು. ಮೇಲೆ ಟೈ ಬರುವುದರಿಂದ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ಹಿಂಬೆಂಚು ಒಂದು ದಿನ ಕನ್ನಡಿಯ ಮುಂದೆ ಕತ್ತು ತಿರುಗಿಸಿದ. "ಯಾಕೋ ಬಿಗೀತಿದೆ ಅಕ್ಕಾ."

"ಹೌದಾ ಸಾರ್?" ಎಂದು ಅತ್ತೆ ಟೇಪು ತಂದು ಅವನ ಕತ್ತಿನ ಸುತ್ತ ಹಿಡಿದಳು. ಮೊದಲಿನದೇ ಅಳತೆ. ಅಂಗಿಯ ಒಳಗಿನ ಚೀಟಿಯ ಮೇಲಿದ್ದ ನಂಬರೂ ತೋರಿಸಿದಳು. ಅದೂ ಮೊದಲಿನದೇ. "ಕತ್ತೂ ಅದೇ, ಕಾಲರೂ ಅದೇ. ಒಳಗಡೆ ಏನೋ ಬಿಗೀತಿರ್ಬೇಕು. ನಮ್ಮಣ್ಣನೂ ಮೊದಮೊದಲು ಹಿಂಗೇ ಅಂತಿದ್ದ."

ಆ ಕೊನೆಯ ಮಾತು ಸೂಜಿಗಿಂತ ಆಳಕ್ಕೆ ಇಳಿಯಿತು.

ಅವನು ಡಾಕ್ಟರ ಹತ್ತಿರ ಹೋದ. ಏನೂ ಇಲ್ಲ ಎಂದರು. ಇನ್ನೊಬ್ಬರು ನಳಿಗೆ ಇಳಿಸಿ ನೋಡಿ, ಗಂಟಲು ಕನ್ನಡಿಯ ಹಾಗಿದೆ ಎಂದರು. ಮನೆಯಲ್ಲಿ, ಕಾರಿನಲ್ಲಿ, ಊಟದಲ್ಲಿ ಅವನಿಗೆ ಏನೂ ಆಗುತ್ತಿರಲಿಲ್ಲ. ಚಿಟ್ಟೆ ಮಾಸ್ತರನ ವೇಷ ಹಾಕಿ ದೀಪದ ಕೆಳಗೆ ನಿಂತೊಡನೆ ಯಾರೋ ಹಿಂದಿನಿಂದ ಕತ್ತು ಹಿಡಿದಂತಾಗುತ್ತಿತ್ತು. ಆ ಪಾತ್ರದಲ್ಲಿ ಮಾತ್ರ! ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಯಾರ ಕೈ ಎಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ. ಮಾತು ತೊದಲತೊಡಗಿತು. ಮುಖ ಕೆಂಪೇರಿ ನಡುವೆ ನಿಲ್ಲಿಸಿ ನೀರು ಕೇಳುತ್ತಿದ್ದ. ನೀರಿನ ಲೋಟ ಹಿಡಿದು ನಿಲ್ಲುತ್ತಿದ್ದವಳೂ ಅತ್ತೆಯೇ.

ಕೊನೆಗೊಂದು ಮಧ್ಯಾಹ್ನ, ಅಭ್ಯಾಸದ ನಡುವೆ, ಅವನ ದನಿ ಪೂರ್ತಿ ನಿಂತುಹೋಯಿತು. ಅತ್ತೆಯ ಕೈ ಹಿಡಿದುಕೊಂಡ. "ಅಕ್ಕಾ, ಅಣ್ಣನ ಹತ್ರ ಕರ್ಕೊಂಡ್ಹೋಗಿ. ಅವನ ಶಾಪ ಇದು. ನಾನು ಕಾಲು ಹಿಡೀತೀನಿ."

ಬಾಗಿಲು ತೆಗೆದವಳು ನಾನು. ವೇಷದಲ್ಲೇ ಬಂದಿದ್ದ. ಹಳದಿ ಟೈ, ಬಿಳಿ ಅಂಗಿ, ಮುಖಕ್ಕೆ ಬಳಿದ ಬಣ್ಣದ ಮೇಲೆ ಬೆವರಿನ ಗೆರೆ. ಹಿಂದೆ ಅತ್ತೆ. ಅವನು ಸೀದಾ ಹೋಗಿ ಅಪ್ಪನ ಕುರ್ಚಿಯ ಮುಂದೆ ಮಂಡಿಯೂರಿದ.

"ಅಣ್ಣಾ, ತಪ್ಪಾಯ್ತು. ನಿನ್ನ ಕೈಯಿಂದ ಬಿಡ್ಸು ನನ್ನ."

ಅಪ್ಪ ಬಹಳ ಹೊತ್ತು ಟೈಯನ್ನೇ ನೋಡಿದ. ಆಮೇಲೆ ತುದಿ ಹಿಡಿದು ಸರ್ರನೆ ಬಿಚ್ಚಿದ, ಮೇಲುಗುಂಡಿ ತೆಗೆದ. ಹಿಂಬೆಂಚು ನೀರಿನಿಂದ ಮೇಲೆದ್ದವನಂತೆ ಉಸಿರೆಳೆದುಕೊಂಡ. "ಬಂತು! ಉಸಿರು ಬಂತು ಅಣ್ಣಾ! ನೀನು ಮುಟ್ಟಿದ ತಕ್ಷಣ!" ಎಂದು ಗಳಗಳನೆ ಅತ್ತ.

ಅಪ್ಪನ ಬೆರಳು ಇನ್ನೂ ಅವನ ಕಾಲರಿನಲ್ಲಿತ್ತು. ಕತ್ತಿನ ಹಿಂಬದಿಗೆ ಸರಿಯಿತು, ಒಂದು ಕಡೆ ನಿಂತಿತು, ಬಟ್ಟೆಯ ದಪ್ಪವನ್ನು ಹಿಚುಕಿ ನೋಡಿತು. ಅಪ್ಪ ತಲೆಯೆತ್ತಿ ತಂಗಿಯ ಕಡೆ ನೋಡಿದ. ಅತ್ತೆ ಕಣ್ಣು ತಗ್ಗಿಸಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಅಮ್ಮ ಅವರಿಬ್ಬರನ್ನೂ ನೋಡಿದಳು.

ಅಪ್ಪ ನಿಧಾನವಾಗಿ ಆ ಗುಂಡಿಯನ್ನು ಮತ್ತೆ ಹಾಕಿದ. ಟೈ ಸುತ್ತಿ, ತನ್ನ ಹಳೆಯ ಕೈಚಳಕದಲ್ಲೇ, ಗಂಟು ಹಾಕಿ ಬಿಗಿಯಾಗಿ ಎಳೆದ. ಹಿಂಬೆಂಚಿನ ಕಣ್ಣು ಅಗಲವಾಯಿತು. ಅಪ್ಪ ಮೂಲೆಯ ಟೀವಿಯತ್ತ ಬೆರಳು ತೋರಿಸಿ, ಆಮೇಲೆ ತನ್ನ ಎದೆ ಮುಟ್ಟಿಕೊಂಡ.

"ಹೇಳ್ತೀನಿ ಅಣ್ಣಾ, ಎಲ್ಲರ ಮುಂದೆ ಹೇಳ್ತೀನಿ," ಎಂದು ಅವನು ಕೀರಲು ದನಿಯಲ್ಲಿ ಹೇಳಿದ.

ಅವನು ಹೋದ ಮೇಲೆ ಅಪ್ಪ ಕುರ್ಚಿಯಲ್ಲಿ ಕುಲುಕಾಡಿ ನಕ್ಕ. ಸದ್ದಿಲ್ಲದ ನಗೆ, ಕಣ್ಣಲ್ಲಿ ನೀರು. ಅಮ್ಮ ಅತ್ತೆಯ ಹತ್ತಿರ ಹೋಗಿ, ಎಷ್ಟೋ ಕಾಲದ ಮೇಲೆ ಮೊದಲ ಬಾರಿ, ನೇರವಾಗಿ ಮಾತಾಡಿದಳು. "ಊಟ ಮಾಡ್ತೀಯಾ?"

ಅವನು ಮಾತು ಕೊಟ್ಟನೆಂದು ಅತ್ತೆ ಆ ವಾರದ ಅಂಗಿಯ ಕಾಲರಿನ ಮಡಿಕೆಯನ್ನೆಲ್ಲ ಬಿಚ್ಚಿ ಮೊದಲಿನ ಅಳತೆಗೇ ಹೊಲಿದಳು. ಪ್ರಸಾರದ ದಿನ ನಾವೆಲ್ಲ ಟೀವಿಯ ಮುಂದೆ ಕೂತೆವು. ಹಿಂಬೆಂಚು ಪಾಠ ಮುಗಿಸಿ ಮುಂದೆ ಬಂದ. ದನಿ ಗಂಟೆಯ ಹಾಗಿತ್ತು. ಚಿಟ್ಟೆ ಮಾಸ್ತರನನ್ನು ಹುಟ್ಟಿಸಿದ್ದು ತಾನಲ್ಲ ಎಂದ. ಅಪ್ಪನ ಹೆಸರು ಹೇಳಿದ. ಅಮ್ಮ ನನ್ನ ಕೈ ಹಿಡಿದುಕೊಂಡಳು.

ಅಲ್ಲಿಗೆ ನಿಲ್ಲಿಸಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಅಣ್ಣ ಕಾಯಿಲೆ ಬಿದ್ದಾಗ ನನ್ನ ಕೈ ಹಿಡಿದು ಹೇಳಿದ, ನನ್ನ ಮಾಸ್ತರ ಸಾಯ್ಬಾರ್ದು ಕಣೋ ಅಂತ. ಈ ಟೈಯನ್ನ ಅವನೇ ನನ್ನ ಕತ್ತಿಗೆ ಕಟ್ಟಿದ. ಇಷ್ಟು ವರ್ಷ ನಾನು ಅವನ ಭಾರ ಹೊತ್ತೆ," ಎಂದು ಕಣ್ಣೊರೆಸಿಕೊಂಡ. ಕೂತಿದ್ದ ಜನ ಎದ್ದು ನಿಂತು ಅತ್ತರು.

ಅಪ್ಪ ಎದ್ದು ಹೋಗಿ ಟೀವಿ ಆರಿಸಿದ. ಬೀದಿಯಲ್ಲಿ ಆಗಲೇ ಯಾರೋ, "ಎಂಥ ದೊಡ್ಡ ಮನುಷ್ಯ ನೋಡಿ," ಎನ್ನುತ್ತಿದ್ದರು. ಮುಂದಿನ ದಿನಗಳಲ್ಲಿ ಪತ್ರಿಕೆಗಳೂ ಅದನ್ನೇ ಅಂದವು. ಗೆಳೆತನ ಹೇಗಿರಬೇಕೆಂದು ಮಕ್ಕಳಿಗೆ ಅವನಿಂದ ಭಾಷಣ ಮಾಡಿಸಿದರು. ದನಿ ಮರಳಿದ ಪವಾಡದ ಕಥೆಯನ್ನು ಅವನು ಹೋದಲ್ಲೆಲ್ಲ ಹೇಳಿದ: ಗಂಟಲು ಕಟ್ಟಿತ್ತಂತೆ, ಅಣ್ಣ ಮುಟ್ಟಿದನಂತೆ, ಸತ್ಯ ಹೇಳಿದೊಡನೆ ತೆರೆಯಿತಂತೆ. ಅತ್ತೆ ಮಾಡಿದ ಕೆಲಸವನ್ನೇ ಅವನು ಕಿರೀಟ ಮಾಡಿಕೊಂಡು ಮೆರೆದ.

ಅವಳು ಮತ್ತೆ ಅಂಗಿಗೆ ಕೈ ಹಾಕಲಿಲ್ಲ. ಅವನ ಸಂದರ್ಶನಕ್ಕೆಂದು ಜನ ಹೊರಗೆ ಕ್ಯಾಮೆರಾ ಹೂಡುತ್ತಿದ್ದ ಒಂದು ಬೆಳಗ್ಗೆ, ಹಳೆಯ ಅಂಗಿಯೊಂದನ್ನು ತೆಗೆದುಕೊಂಡು ಅವನ ಕೋಣೆಗೆ ಹೋಗಿ ಬಾಗಿಲ ಚಿಲಕ ಹಾಕಿದಳು.

"ಏನಕ್ಕಾ?"

"ಕೂತ್ಕೋ," ಎಂದಳು. ಸ್ಟುಡಿಯೋ ಸೇರಿದ ಮೇಲೆ ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಕಾಲರನ್ನು ಅವನ ಮೂಗಿನ ಕೆಳಗೆ ಹಿಡಿದು, ಬ್ಲೇಡಿನಿಂದ ಹೊಲಿಗೆಯನ್ನು ಪರ್ರನೆ ಬಿಚ್ಚಿದಳು. ಮಡಿಕೆಯ ಮೇಲೆ ಮಡಿಕೆ, ಮಡಿಕೆಯ ಮೇಲೆ ಮಡಿಕೆ ಹೊರಗೆ ಬಂತು. "ಶಾಪಾನೂ ಇಲ್ಲ, ಪವಾಡಾನೂ ಇಲ್ಲ ಕಣೋ. ನಾನು. ಪ್ರತಿ ಸಲಾನೂ ನಾನು."

ಅವನು ಅಂಗಿಯನ್ನು ನೋಡಿದ, ಅವಳನ್ನು ನೋಡಿದ. ಬಣ್ಣ ಬಳಿದ ಮುಖದಲ್ಲೂ ರಕ್ತ ಇಳಿದದ್ದು ಕಾಣುತ್ತಿತ್ತಂತೆ. "ನಿಮ್ಮನ್ನ... ನಾನು ಎಲ್ಲರಿಗೂ ಹೇಳ್ತೀನಿ."

"ಹೇಳು. ಮೈಕು ಹಿಡ್ಕೊಂಡು ಬಾಗಿಲಲ್ಲೇ ನಿಂತಿದಾರೆ. ಪವಾಡ ಪುರುಷನಿಗೆ ಕಾಲರು ಬಿಗಿಯಾಗಿತ್ತು ಅಂತ ಹೇಳು. ಅತ್ತವರೆಲ್ಲ ನಗ್ಲಿ."

"ಏನು ಬೇಕು ನಿಮಗೆ?" ಎಂದ, ಬಾಗಿಲ ಚಿಲಕದ ಕಡೆ ನೋಡುತ್ತ.

"ಏನೂ ಬೇಡ. ಬೇಕಾಗಿದ್ರೆ ಸುಮ್ನಿರ್ತಿದ್ದೆ. ಇನ್ಮೇಲೆ ಗುಂಡಿ ಹಾಕ್ಕೊಂಡಾಗೆಲ್ಲ ಯಾರು ಹೊಲಿದಿದ್ದು ಅಂತ ನೋಡ್ಕೋ."

ಅವನ ಕತ್ತಿನಿಂದ ಹಳದಿ ಟೈಯನ್ನು ಬಿಚ್ಚಿ, ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದಳು. ಕೆಲಸ ಬಿಟ್ಟಳು. ಮನೆಗೆ ಬಂದವಳು ಹಾಡುಹಗಲೇ ಮಲಗಿ, ಸಂಜೆ ದೀಪ ಹಚ್ಚುವವರೆಗೆ ನಿದ್ದೆ ಮಾಡಿದಳು.

ಸ್ಟುಡಿಯೋದವರು ಬೇರೆ ಟೈ ಹೊಲಿಸಿದರು, ಬೇರೆ ದರ್ಜಿ ಬಂದ, ಕಾಲರು ಎರಡು ಬೆರಳು ಹಿಡಿಸುವಷ್ಟು ಸಡಿಲವಾಗಿತ್ತು. ಆದರೂ ದೀಪದ ಕೆಳಗೆ ನಿಂತೊಡನೆ ಅವನ ಗಂಟಲು ಕಟ್ಟಿತು. ಈ ಸಲ ಯಾವ ಹೊಲಿಗೆಯೂ ಇರಲಿಲ್ಲ. ಕಾರ್ಯಕ್ರಮ ನಿಂತಿತು. ಅಪ್ಪ ಕೆಲವೊಮ್ಮೆ ಟೈ ಕಟ್ಟಿಕೊಂಡು ಪೇಟೆಗೆ ಹೋಗುತ್ತಿದ್ದ. "ಟೀವಿಯೋನ ಥರಾನೇ ವೇಷ ಹಾಕಿದಾನೆ ನೋಡು ಮುದುಕ," ಎಂದು ಜನ ನಗುತ್ತಿದ್ದರು. ಅವನು ಅವರಿಗೆ ಟೋಪಿ ಎತ್ತಿ ನಮಸ್ಕರಿಸುತ್ತಿದ್ದ. ಅತ್ತೆ ಹಲ್ಲು ಕಡಿಯುತ್ತಿದ್ದಳು.

ಮುಂದೆ ಕೆಲವು ವರ್ಷಗಳ ಮೇಲೆ ಹಿಂಬೆಂಚಿನ ಹೆಂಡತಿ ನಮ್ಮ ಮನೆ ಹುಡುಕಿಕೊಂಡು ಬಂದಳು. ಬಡಕಲು ಹೆಂಗಸು, ಮೆಲುದನಿ. ಗಂಡ ಹೊರಗೆ ಹೋಗುವುದನ್ನೇ ಬಿಟ್ಟಿದ್ದಾನೆ, ಚಳಿಯಲ್ಲೂ ಕತ್ತಿಗೆ ಒಂದು ಎಳೆ ಬಟ್ಟೆ ಸೋಕಿಸುವುದಿಲ್ಲ, ಅಂಗಿ ತಂದರೆ ಒಳಹೊಲಿಗೆಯನ್ನೆಲ್ಲ ಬಿಚ್ಚಿ ನೋಡುತ್ತಾನೆ ಎಂದಳು. "ನೀವು ಅಷ್ಟು ವರ್ಷ ಜೊತೆಗಿದ್ರಿ. ಏನಾಯ್ತು ಅಂತ ನಿಮಗೇನಾದ್ರೂ ಗೊತ್ತಾ ಅಕ್ಕಾ? ಒಂದ್ಸಲ ಬಂದು ಮಾತಾಡ್ಸಿ. ನಿಮ್ಮ ಹೆಸರು ಎತ್ತಿದ್ರೆ ಅಳ್ತಾರೆ."

ಅತ್ತೆ ಅವಳಿಗೆ ಬಿಸಿ ಚಹಾ ಕೊಟ್ಟಳು, ಬಿಸ್ಕತ್ತು ಕೊಟ್ಟಳು, ಕೊನೆಯವರೆಗೆ ಕೇಳಿಸಿಕೊಂಡಳು. "ನನಗೇನೂ ಗೊತ್ತಿಲ್ಲಮ್ಮ," ಎಂದಳು. ಬೀದಿಯ ತಿರುವಿನವರೆಗೆ ಹೋಗಿ ಬಸ್ಸು ಹತ್ತಿಸಿ ಬಂದಳು.

ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಅಪ್ಪ ಅಂದು ಅತ್ತೆ ಬಡಿಸಿದ ಊಟ ಮುಟ್ಟಲಿಲ್ಲ. ತಟ್ಟೆ ಸರಿಸಿ ಎದ್ದುಹೋದ. ಅವಳು ಆ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು.

"ಹೋಗಿ ಬರ್ಬಹುದಿತ್ತಲ್ಲ ಅತ್ತೆ," ಎಂದೆ.

"ಅವಳನ್ನ ನೋಡಿ ಪಾಪ ಅನ್ನಿಸ್ತು," ಎಂದಳು ತುತ್ತು ಕಲಸುತ್ತ. "ಅವನನ್ನ ನೆನೆಸ್ಕೊಂಡೆ. ಅನ್ನಿಸ್ಲಿಲ್ಲ."